ಕೊಡೆ ಬೀರ

"ಇನ್ನು ನಾನು ಬಿಲ್ಲು ಮುಟ್ಟಲ್ಲ ಅಜ್ಜ" ಎಂದು ಮೊಮ್ಮಗಳು ಬಿಂದು ಹೇಳಿದಾಗ ಜಟ್ಟಿಂಗಪ್ಪ ಮೆಣಸು ಕೊಯ್ಯುವ ಏಣಿಗೆ ಬಿದಿರು ಸವರುತ್ತಿದ್ದ. ಕತ್ತಿ ಕೆಳಗಿಟ್ಟ.

ಸಾಗರದಲ್ಲಿ ಪಿಯುಸಿ ಮೊದಲ ವರ್ಷ ಓದುವ ಹುಡುಗಿ. ಕಾಲೇಜಿನಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದಳು. ಬರುವ ಶನಿವಾರ ಜಿಲ್ಲಾ ತಂಡಕ್ಕೆ ಆಯ್ಕೆ. ಎಡಗೈಯಲ್ಲಿ ಹೆದೆ ಎಳೆದರೆ ಅವಳಿಗೆ ಗುರಿ ಕೂರುತ್ತಿತ್ತು. ಆದರೆ ಬಿಲ್ಲುಗಳೆಲ್ಲ ಬಲಗೈಯವರಿಗೆ ಕಟ್ಟಿದವು. ಕೈ ಬದಲಿಸು ಎಂದಿದ್ದರು ಕಲಿಸುವ ಕೃಷ್ಣಕುಮಾರ್ ಮೇಷ್ಟ್ರು. ಬದಲಿಸಿದ ಮೇಲೆ ಬಾಣ ಹಲಗೆಯನ್ನೇ ಮುಟ್ಟುತ್ತಿರಲಿಲ್ಲ.

"ಎಲ್ರೂ ಎಡಚಿ ಅಂತಾರೆ."

"ನಿಮ್ಮಜ್ಜಿನೂ ಎಡಚಿನೇ. ಅವಳು ನನಗೆ ಬೀಸಿದ ಚೆಂಬು ಒಂದಿನಾನೂ ಗುರಿ ತಪ್ಲಿಲ್ಲ."

ಬಿಂದು ನಗಲಿಲ್ಲ. ಇದು ಮಾತಿನಲ್ಲಿ ಮುಗಿಯುವುದಲ್ಲ ಎಂದು ಅವನಿಗೆ ಆಗಲೇ ತಿಳಿಯಿತು.

ಮರುದಿನ ಭಾನುವಾರ. ಹೊಸನಗರದ ಕಡೆ ಏಣಿ ಮುಟ್ಟಿಸುವುದಿತ್ತು. ಲಗೇಜ್ ಆಟೊದಲ್ಲಿ ಅವಳನ್ನೂ ಕೂರಿಸಿಕೊಂಡ. ದಾರಿಯ ತಿರುವಿನಲ್ಲಿ ಕೊಡೆ ಬೀರನ ಕಲ್ಲು ಸಿಗುತ್ತದೆ. ಅಲ್ಲಿ ಇಳಿದು ಕೈಮುಗಿಯದೆ ಯಾರೂ ಮುಂದೆ ಹೋಗುವುದಿಲ್ಲ. ಕಲ್ಲಿನಲ್ಲಿ ಒಬ್ಬ ಗಂಡಸು ಬಾಗಿದ್ದೊಂದನ್ನು ಮುಂದೆ ಚಾಚಿ ನಿಂತಿದ್ದಾನೆ. ಎಣ್ಣೆ, ಅರಿಸಿನ ಮೆತ್ತಿ ಗೆರೆಗಳು ಮಾಸಿವೆ. ಗಾಳಿಮಳೆಗೆ ಎದುರಾಗಿ ಕೊಡೆ ಹಿಡಿದವನು ಎಂದು ಸುತ್ತಲಿನವರ ನಂಬಿಕೆ. ಹೊಸ ಕೊಡೆ ಕೊಂಡವರು ಮೊದಲು ಅವನ ಮುಂದೆ ಬಿಚ್ಚಿ, ಆಮೇಲೆ ತಮ್ಮ ತಲೆಗೆ ಹಿಡಿಯುತ್ತಾರೆ. ಜಟ್ಟಿಂಗಪ್ಪನೂ ವರ್ಷ ವರ್ಷ ಬಿಚ್ಚಿದವನೇ.

ಕೈಮುಗಿದ ಬಿಂದು ಹಾಗೇ ನಿಂತಳು. ಆಮೇಲೆ ಕೂತು ವೇಲಿನ ತುದಿಯಿಂದ ಕಲ್ಲು ತಿಕ್ಕತೊಡಗಿದಳು.

"ಅಜ್ಜ, ಇದು ಕೊಡೆ ಅಲ್ಲ."

"ಮತ್ತೆಂತದು?"

"ಕೊಡೆ ಹಿಡಿದೋನು ಇನ್ನೊಂದು ಮೊಣಕೈ ಇಷ್ಟು ಮೇಲೆ ಎಂತಕ್ಕೆ ಎತ್ತುತಾನೆ? ಕೆನ್ನೆ ಹತ್ರ ಬೆರಳು ನೋಡು. ಹೆದೆ ಎಳ್ದಿದಾನೆ."

ತಿಕ್ಕಿದಂತೆ ಬೀರನ ಹಿಂದೆ ದನಗಳು ಕಂಡವು, ಎದುರಿಗೆ ಕತ್ತಿ ಹಿಡಿದ ಮೂವರು. ಊರಿನ ದನ ಹೊಡೆದೊಯ್ಯಲು ಬಂದವರನ್ನು ತಡೆದು ಸತ್ತವರಿಗೆ ಹಿಂದೆ ಇಂಥ ಕಲ್ಲು ನಿಲ್ಲಿಸುತ್ತಿದ್ದರೆಂದು ಜಟ್ಟಿಂಗಪ್ಪ ಕೇಳಿದ್ದ. ಅವನ ಅಜ್ಜ ಬಿದಿರ ದಬ್ಬೆ ಬಗ್ಗಿಸಿ ಬಿಲ್ಲು ಮಾಡುತ್ತಿದ್ದ. ಆ ಅಜ್ಜನಿಗೆ ಅವನಪ್ಪ ಕಲಿಸಿದ್ದ. ಅದಕ್ಕೂ ಹಿಂದೆ ಯಾರು ಯಾರಿಗೆ ಕಲಿಸಿದರೋ. ಮೊದಲು ಹೊಟ್ಟೆಪಾಡಿನ ಬೇಟೆಗೆ ಬಗ್ಗಿಸಿದ್ದು, ಆಮೇಲೆ ಊರು ಕಾಯಲು ಬಂದಿರಬೇಕು.

"ಎಳ್ದಿರೋದು ಎಡಗೈ" ಎಂದಳು ಬಿಂದು, ಮೆಲ್ಲಗೆ.

ಕಲ್ಲಿನಲ್ಲಿ ವೈರಿಗಳನ್ನು ನಿಲ್ಲಿಸಲು ಆ ಮಗ್ಗುಲಲ್ಲೇ ಜಾಗ ಸಿಕ್ಕಿರಬೇಕು, ಕೆತ್ತಿದವನು ಅದಕ್ಕೇ ಇವನನ್ನು ಹಾಗೆ ತಿರುಗಿಸಿರಬೇಕು ಎಂದು ಕೈಕೆಲಸದವನಾದ ಜಟ್ಟಿಂಗಪ್ಪನಿಗೆ ಅನ್ನಿಸಿತು. ಮೊಮ್ಮಗಳ ಮುಖ ನೋಡಿ ಅದನ್ನು ಬಾಯಲ್ಲೇ ಉಳಿಸಿಕೊಂಡ.

"ಹೌದಲ್ಲ ಮಾರಾಯ್ತಿ" ಎಂದಷ್ಟೇ ಹೇಳಿದ.

ಸೋಮವಾರ ಅವಳ ಜೊತೆ ಕಾಲೇಜು ಮೈದಾನಕ್ಕೆ ಹೋದ.

"ಬಿಲ್ಲು ಬಲಗೈದು ಯಜಮಾನ್ರೇ, ನಾನೇನು ಮಾಡ್ಲಿ?" ಎಂದರು ಮೇಷ್ಟ್ರು.

ಜಟ್ಟಿಂಗಪ್ಪ ಬಿಲ್ಲನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಬಿದಿರಿನದೇ. "ಬಿದಿರಿಗೆ ಎಡ ಬಲ ಇಲ್ಲ ಮೇಷ್ಟ್ರೇ. ಬಾಣ ಕೂರೋ ಈ ತುಂಡು ಎಡಕ್ಕೆ ಕಟ್ಟಿದೀರಿ. ಬಿಚ್ಚಿ ಬಲಕ್ಕೆ ಕಟ್ಟಿ."

ಮೇಷ್ಟ್ರು ತುಂಡನ್ನು ನೋಡಿದರು, ಬಿಂದುವನ್ನು ನೋಡಿದರು. "ಇಷ್ಟು ವರ್ಷ ನಂಗೆ ಹೊಳೀಲೇ ಇಲ್ಲ ನೋಡಿ" ಎಂದು ನಕ್ಕು ದಾರ ಬಿಚ್ಚಲು ಕೂತರು.

ಬಿಂದುವಿನ ಮೊದಲ ಬಾಣ ಹುಲ್ಲಿಗೆ ಬಿತ್ತು. ಎರಡನೆಯದು ಹಲಗೆಯ ಅಂಚಿಗೆ. ಮೂರನೆಯದು ನಟ್ಟನಡುವಿನ ಹಳದಿಯಲ್ಲಿ ನೆಟ್ಟುಕೊಂಡಿತು. ಮೇಷ್ಟ್ರು ಪುಸ್ತಕ ತೆಗೆದು ಶನಿವಾರದ ಪಟ್ಟಿಗೆ ಅವಳ ಹೆಸರು ಬರೆದರು.

ಅವಳು ಆಗಲೇ ನಾಲ್ಕನೆಯ ಬಾಣ ಹೂಡುತ್ತಿದ್ದಳು. "ಅಜ್ಜ, ನಿಂಗೆ ಬಸ್ಸಿಗೆ ಹೊತ್ತಾಯ್ತು. ನೀ ಹೋಗು."

"ಹೋಗ್ತೀನಿ" ಎಂದ ಜಟ್ಟಿಂಗಪ್ಪ ಕಟ್ಟೆಯ ಮೇಲೆ ಕೂತ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು.