ನಡುಮನೆಯ ಕಸರತ್ತು

"ನಿಧಾನ, ಆ ತಂತಿ ಗಿಡ್ಡ," ಎಂದು ನೆರೆಯ ಪೈನೆಮ್ ಹೇಳುವಷ್ಟರಲ್ಲಿ ಟಿ.ವಿ. ಎತ್ತಿಕೊಂಡವರು ಹೊಸ್ತಿಲು ದಾಟಿದ್ದರು. ತಂತಿಯ ಇನ್ನೊಂದು ತುದಿಗಿದ್ದ ಮಡಚುವ ಕಂಪ್ಯೂಟರು ಅಕ್ಕಿಡಬ್ಬದ ಮೇಲಿಂದ ಜಾರಿ ಅವಳ ಮಡಿಲಿಗೇ ಬಿತ್ತು.

"ಬದುಕಿತು," ಎಂದಳು. "ಇದಕ್ಕೇನಾದ್ರೂ ಆಗಿದ್ರೆ ತುಮಿನಕ್ಕ ಎದ್ದು ಬಂದು ಬೈತಿದ್ಲು."

ತುಮಿನಾ ನಿನ್ನೆ ಸಂಜೆ ಸಂತೆಯಿಂದ ಬಂದು, ಎದೆ ಹಿಡಿದಂತಾಗುತ್ತದೆ ಎಂದು ಕೂತವಳು ಮತ್ತೆ ಏಳಲಿಲ್ಲ. ಹಿತ್ತಿಲಲ್ಲಿ ಮೀಯಿಸಿ, ಬಿಳಿ ಬಟ್ಟೆ ಸುತ್ತಿ ತರುವುದರೊಳಗೆ ನಡುಮನೆ ಖಾಲಿಯಾಗಬೇಕಿತ್ತು. ಗಂಡ ವಾಗಿಮಾನ್ ಮೂಲೆಯ ಕುರ್ಚಿಯಲ್ಲಿದ್ದ. ಕ್ಲಾತೆನ್ ಊರಿನಿಂದ ಸೋಲೋ ಪಟ್ಟಣಕ್ಕೆ ಬಸ್ಸು ಓಡಿಸಿಕೊಂಡೇ ಮುದುಕನಾದವನು. ಅವನ ಬಲಗೈ ಈಗ ತೊಡೆಯ ಮೇಲೆ ಮಲಗಿದ ಬೆಕ್ಕಿನ ಹಾಗಿತ್ತು.

"ನಿನ್ನೆ ಬೆಳಿಗ್ಗೆ ಕೂಡ ನಮ್ಮನ್ನ ಕುಣಿಸಿದ್ಲಲ್ಲ," ಎಂದಳು ಹೂ ಪೋಣಿಸುತ್ತಿದ್ದ ಪಕ್ಕದ ಮನೆಯ ಸುತಿರಾ. "ನೆಟ್ ನಿಂತುಹೋಗಿ ಟಿ.ವಿ.ಲಿ ಕಸರತ್ತು ಮಾಡಿಸೋ ಆ ಮೇಷ್ಟ್ರು ಕೈ ಎತ್ಕೊಂಡೇ ಕಲ್ಲಾಗಿಬಿಟ್ಟ. ನಾವು ಕೈ ಇಳಿಸೋಕೆ ಹೋದ್ರೆ, 'ಅವನು ಇಳಿಸಿದ್ನಾ? ಇಲ್ಲ ತಾನೆ? ನೀವೂ ಇಳಿಸಬೇಡಿ' ಅಂದ್ಲು."

"ನೀನು ಉಪಾಯವಾಗಿ ತಲೆ ಕೆರ್ಕೊಂಡೆ. ನಾನು ನೋಡ್ದೆ," ಎಂದಳು ಪೈನೆಮ್.

ನಗು ಬಂತು, ಅದರ ಬೆನ್ನಿಗೇ ತಲೆವಸ್ತ್ರದ ಅಂಚುಗಳು ಕಣ್ಣಿಗೆ ಹೋದವು.

ಮಗಳು ಲೆಸ್ತಾರಿ ತಂದೆಯ ಕಾಲ ಬಳಿ ಕೂತಳು. "ಅಪ್ಪ, ಚಟ್ಟ ಎತ್ತಿ ಹಿಡಿದಾಗ ಮನೆಯವರು ಅದರ ಕೆಳಗೆ ನುಸುಳಿ ಕೊನೇ ಗೌರವ ಕೊಡೋ ಶಾಸ್ತ್ರಾನ ನಾನು, ತಮ್ಮ ಮಾಡ್ತೀವಿ. ನೀವು ಇಲ್ಲಿಂದಲೇ ನಮಸ್ಕಾರ ಮಾಡಿ."

"ನಾ...ನೂ," ಎಂದ ವಾಗಿಮಾನ್.

"ಬಿದ್ರೆ ಏನು ಗತಿ?"

ತುಮಿನಾಳ ಅಣ್ಣ ಕಾರ್ತೊನೊ ಬಾಗಿಲಿಂದಲೇ ಹೇಳಿದ: "ಹಟ ಮಾಡಬೇಡಿ ಭಾವ. ಅವಳ ಕೊನೇ ದಾರೀಲಿ ನೀವು ಎಡವಿ ಬೀಳೋದನ್ನ ಊರು ನೋಡಬೇಕಾ?"

ವಾಗಿಮಾನನ ದವಡೆ ಆಡಿತು. ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು.

* * *

ಪಾರ್ಶ್ವವಾಯು ಬಡಿದ ಹೊಸದರಲ್ಲಿ ವಾಗಿಮಾನ್ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಕಸರತ್ತು ಮಾಡಿಸುವ ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗಬೇಕು. ತನ್ನನ್ನು ಮೂಟೆಯಂತೆ ಹತ್ತಿಸುವುದನ್ನು ಹಳೆಯ ಜೊತೆಗಾರರು ನೋಡುವುದು ಅವನಿಗೆ ಬೇಡವಾಗಿತ್ತು. ಲೆಸ್ತಾರಿ ಬಿಟ್ಟುಹೋಗಿದ್ದ ಕಂಪ್ಯೂಟರಿನ ಪರದೆ ಒಡೆದಿತ್ತು. ತುಮಿನಾ ಅದಕ್ಕೊಂದು ತಂತಿ ಹುಡುಕಿ ಟಿ.ವಿ.ಗೆ ಸಿಕ್ಕಿಸಿದಳು. ಸಂತೆಯಲ್ಲಿ ಮಾರುವ ಸೋಯಾಕಾಳಿನ ತೆಂಪೆ ಕರಿಯಲು ಒಲೆ ಹಚ್ಚುವ ಮೊದಲು, ಯಾವುದೋ ದೇಶದ ಮೇಷ್ಟ್ರ ಎದುರು ನಿಂತು ಒಬ್ಬಳೇ ಕೈಕಾಲು ಆಡಿಸತೊಡಗಿದಳು.

"ಗಂಡ ಬಿದ್ದಿದಾನೆ, ಹೆಂಡ್ತಿ ಕುಣೀತಾಳೆ... ಅಂತಾರೆ," ಎಂದು ತೊದಲಿದ ಅವನು.

"ಅನ್ಲಿ. ನೀವಂತೂ ಮಾಡಲ್ಲ. ನಿಮ್ಮನ್ನ ಎತ್ತೋಳಿಗಾದ್ರೂ ಸೊಂಟ ಗಟ್ಟಿ ಇರಬೇಕಲ್ಲ."

ಆಡಿಕೊಳ್ಳಲು ಕಿಟಕಿಗೆ ಬಂದ ಹೆಂಗಸರು ಬಾಗಿಲಿಗೆ ಬಂದರು, ಬಾಗಿಲಿಂದ ಒಳಗೆ ಬಂದರು. ಮೇಷ್ಟ್ರ ಮಾತು ಯಾರಿಗೂ ತಿಳಿಯದು. ತುಮಿನಾ ತೋಚಿದ ಹಾಗೆ ಹೇಳುವಳು: "ಮೊಣಕಾಲು ಬಗ್ಸಿ. ನೀರಿನ ಕೊಡ ಎತ್ತೋ ಹಾಗೆ. ಉಸಿರು ಬಿಡಿ. ಈಗ ಏಳಿ."

ಒಂದು ಮುಂಜಾನೆ ಹೊದಿಕೆಯ ಕೆಳಗೆ ವಾಗಿಮಾನನ ಎಡಗಾಲು ತಾಳ ಹಾಕುತ್ತಿತ್ತು. ಅವಳು ನೋಡಿದಳು. ಮರುದಿನ ಹೆಂಗಸರ ಸಾಲಿನ ಹಿಂದೆ ಒಂದು ಕುರ್ಚಿ ಇತ್ತು.

ಅಲ್ಲಿಂದ ಅವನಿಗೆ ಟಿ.ವಿ. ಕಾಣುತ್ತಿರಲಿಲ್ಲ, ಅವಳ ಬೆನ್ನು ಕಾಣುತ್ತಿತ್ತು. ಮೊದಲು ಕೂತು, ಆಮೇಲೆ ಕುರ್ಚಿಯ ಬೆನ್ನು ಹಿಡಿದು ನಿಂತು, ಅವನು ಕಲಿತದ್ದೆಲ್ಲ ಅದನ್ನು ನೋಡಿಯೇ.

* * *

ಅಂಗಳದಲ್ಲಿ ಚಟ್ಟ ಹೆಗಲಿಗೇರಿತು. ಹಸಿರು ಹೊದಿಕೆಯ ಅಂಚಿನಿಂದ ಹೂಸರಗಳು ಇಳಿಬಿದ್ದಿದ್ದವು. ಮಕ್ಕಳಿಬ್ಬರೂ ಬಗ್ಗಿ, ಪದ್ಧತಿಯಂತೆ ಮೂರು ಸಲ ನುಸುಳಿ ಬಂದರು. ಹೊತ್ತವರು ಬೀದಿಯ ಕಡೆ ತಿರುಗಬೇಕು, ಅಷ್ಟರಲ್ಲಿ ಜಗಲಿಗೆ ತಂದಿಟ್ಟಿದ್ದ ವಾಗಿಮಾನನ ಕುರ್ಚಿ ಕಿರುಗುಟ್ಟಿತು.

ಓಡಿಹೋಗಲಿದ್ದ ಲೆಸ್ತಾರಿಯ ತೋಳನ್ನು ಪೈನೆಮ್ ಹಿಡಿದಳು. "ಬಿಡು ಕಣೇ. ದಿನಾ ಏಳ್ತಾರೆ ಅವರು."

ಕಾರ್ತೊನೊ ಹೊತ್ತವರಿಗೆ ಸನ್ನೆ ಮಾಡಿದ. "ಮೇಲೆತ್ರಪ್ಪ, ಇನ್ನೂ ಮೇಲೆ. ಭಾವ ಬಗ್ಗದೆ ಹಾಗೇ ದಾಟಿಬಿಡ್ಲಿ."

ಚಟ್ಟ ಚಾಚಿದ ತೋಳುಗಳ ಮೇಲೆ ಏರಿತು. ವಾಗಿಮಾನ್ ತಲೆಯಲ್ಲಾಡಿಸಿದ.

"ಇಳ್...ಸಿ. ಹೆಗಲಿಗೆ."

ಹೊತ್ತವರು ಕಾರ್ತೊನೊನ ಮುಖ ನೋಡಿದರು. ಅವನು ನೆಲ ನೋಡಿದ. ಚಟ್ಟ ಮತ್ತೆ ಹೆಗಲಿಗಿಳಿಯಿತು.

ವಾಗಿಮಾನ್ ಎಡಗಾಲು ಮುಂದಿಟ್ಟು ಬಲಗಾಲು ಎಳೆಯುತ್ತ ಹತ್ತಿರ ಬಂದ. ಎಡಗೈಯನ್ನು ತೊಡೆಗೆ ಊರಿದ. ಅವನು ಮೊಣಕಾಲು ಬಗ್ಗಿಸಿ, ಎಲ್ಲರಿಗೂ ಕೇಳುವಂತೆ ಉಸಿರು ಬಿಟ್ಟ.

ಮಾವಿನ ಮರದ ಕೆಳಗೆ ಕಪ್ಪು ತಲೆವಸ್ತ್ರ ತೊಟ್ಟು ಒತ್ತಾಗಿ ನಿಂತಿದ್ದ ಕಸರತ್ತಿನ ಹೆಂಗಸರ ಮೊಣಕಾಲುಗಳೂ ಅವರಿಗೇ ಅರಿವಿಲ್ಲದೆ ಬಗ್ಗಿದವು. ಅವನು ಚಟ್ಟದ ನೆರಳಲ್ಲಿ ಹೆಜ್ಜೆ ಎಳೆಯುತ್ತಿದ್ದಷ್ಟು ಹೊತ್ತೂ ಹಾಗೇ ಅರ್ಧ ಕೂತಂತೆ ನಿಂತಿದ್ದರು. ಅವನು ಆಚೆಯ ಬಿಸಿಲಲ್ಲಿ ತಲೆಯೆತ್ತಿದಾಗ ಎದ್ದರು.

ಅವನು ಎರಡನೆಯ ಸುತ್ತಿಗೆ ತಿರುಗಿದ. ಪೈನೆಮ್ ಚಪ್ಪಲಿ ಕಳಚಿ, ಮುಂಜಾನೆಯ ಕಸರತ್ತಿನ ಹಾಗೆ ಕಾಲು ಕೊಂಚ ಅಗಲಿಸಿ ನಿಂತಳು.