ಹತ್ತಿದವರಿಗೆ ಮಾತ್ರ ಗೀಟು

ಸಾರಿಗೆ ಕಚೇರಿಯಲ್ಲಿ ಅವನನ್ನು ಎಲ್ಲರೂ ಗೀಟಪ್ಪ ಎಂದೇ ಕರೆಯುತ್ತಿದ್ದರು. ನಿಲ್ದಾಣದಲ್ಲಿ ನಿಂತು, ಬಸ್ಸು ಹತ್ತಿದ ಪ್ರತಿ ತಲೆಗೂ ನಮೂನೆಯಲ್ಲಿ ಒಂದು ಗೀಟು ಎಳೆಯುವುದು ಅವನ ಕೆಲಸ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಮಿಕ್ಕವರು ಟೀ ಅಂಗಡಿಯಲ್ಲಿ ಕೂತು ಅಂದಾಜಿನ ಮೇಲೆ ತುಂಬುತ್ತಿದ್ದರೆ, ಇವನು ಬಿಸಿಲಲ್ಲಿ ನಿಂತು, ಕಂಕುಳ ಕೂಸಿಗೂ ಗೀಟು ಹಾಕಬೇಕೋ ಬೇಡವೋ ಎಂದು ನಿಯಮದ ಪುಸ್ತಕ ತಿರುವುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಸುಳ್ಳು ಗೀಟು ಎಳೆದವನಲ್ಲ.

ಆ ವರ್ಷ ನಗರದ ಹೊಗೆ ಇಳಿಸಲು ದೊಡ್ಡ ಯೋಜನೆಯೊಂದು ಬಂತು. ಜನ ತಮ್ಮ ಗಾಡಿ ಬಿಟ್ಟು ಬಸ್ಸಿಗೆ ಬರಬೇಕು; ಗೀಟು ಹೆಚ್ಚಿದ್ದ ಕಡೆ ಹೊಸ ಬಸ್ಸು, ಗೀಟಿಲ್ಲದ ನಿಲ್ದಾಣ ರದ್ದು. ಗೀಟಪ್ಪನನ್ನು ಊರ ಹೊರಗಿನ ನೀರಿನ ಟ್ಯಾಂಕಿನ ನಿಲ್ದಾಣಕ್ಕೆ ಹಾಕಿದರು. ಅದು ಅವನ ಅಕ್ಕನ ನಿಲ್ದಾಣ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಅಕ್ಕ, ಟ್ಯಾಂಕಿನಿಂದಲೇ ಹೊರಡುವ ಬಸ್ಸೊಂದು ಬರಲೆಂದು ಎರಡು ವರ್ಷದಿಂದ ಬಾಯಿಬಿಟ್ಟು ಕಾಯುತ್ತಿದ್ದಳು.

ಎಣಿಕೆಯ ಮೂರು ಬೆಳಿಗ್ಗೆಯೂ ಒಂದೇ ಕಥೆ. ಬಸ್ಸುಗಳು ಹಿಂದಿನ ಬಡಾವಣೆಗಳಲ್ಲೇ ತುಂಬಿ, ಬಾಗಿಲಲ್ಲಿ ಜನ ಜೋತುಬಿದ್ದು ಬರುತ್ತಿದ್ದವು. ಚಾಲಕ ಹಿಂದೆ ಇನ್ನೊಂದು ಬರುತ್ತೆ ಎಂಬಂತೆ ಕೈ ಬೀಸಿ ಹೋಗಿಬಿಡುತ್ತಿದ್ದ. ಹಿಂದೆ ಬಂದದ್ದೂ ಹಾಗೇ ಹೋಗುತ್ತಿತ್ತು. ಕೊನೆಗೆ ಜನ ಗೊಣಗುತ್ತ ಎರಡು ನಿಲ್ದಾಣ ಹಿಂದಕ್ಕೆ ನಡೆಯುತ್ತಿದ್ದರು. ಗೀಟಪ್ಪ ಪ್ರತಿ ಬಸ್ಸಿನ ಮುಂದೆ ಸೊನ್ನೆ ಬರೆದ.

ಅಕ್ಕ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. "ನಮ್ಮನ್ನೂ ಬರ್ಕೊಳ್ಳೋ."

"ಹತ್ತಿದ್ರೆ ಬರೀಬಹುದಕ್ಕಾ. ಕಾಯೋರಿಗೆ ಕಾಲಂ ಇಲ್ಲ."

"ಹಾಗಾದ್ರೆ ಇಲ್ಲಿ ನಿಂತಿರೋವೇನು ದೆವ್ವಗಳಾ?" ಎಂದಳು. ಪಕ್ಕದವರು ನಕ್ಕರು. ಅವಳು ಮೊಣಕಾಲು ತಿಕ್ಕಿಕೊಂಡು ನಡೆಯತೊಡಗಿದಳು.

ನಮೂನೆಯ ಅಡಿಯಲ್ಲಿ ಷರಾ ಬರೆಯಲು ಎರಡು ಬೆರಳಗಲ ಜಾಗವಿತ್ತು. ಮೂರನೆಯ ದಿನ ಅಲ್ಲಿ ಪೆನ್ಸಿಲಿನಲ್ಲಿ ಬರೆದ: 'ಬಸ್ಸು ನಿಲ್ಲಲಿಲ್ಲ. ಸುಮಾರು ಅರವತ್ತು ಜನ ಕಾದಿದ್ದರು.' ಬರೆದ ಮೇಲೆ ಆ 'ಸುಮಾರು' ಮುಳ್ಳಿನ ಹಾಗೆ ಚುಚ್ಚಿತು. ಒಬ್ಬೊಬ್ಬರಾಗಿ ಎಣಿಸಿರಲಿಲ್ಲವಲ್ಲ. ಸಾಲದ್ದಕ್ಕೆ ಅಕ್ಕನ ನಿಲ್ದಾಣ. ನಾಳೆ ಯಾರಾದರೂ ಮನೆಯವರಿಗಾಗಿ ಬರೆದ ಅಂದುಬಿಟ್ಟರೆ? ರಬ್ಬರು ಹಿಡಿದು ಅಳಿಸಿದ. ಕಾಗದ ಹರಿಯದಂತೆ ನಿಧಾನವಾಗಿ ಅಳಿಸಿದ.

ತಿಂಗಳೊಳಗೆ ಟ್ಯಾಂಕಿನ ನಿಲ್ದಾಣ ರದ್ದಾಯಿತು. ಕಂಬ ಕಿತ್ತ ಸುದ್ದಿ ಕೇಳಿ, ಗೀಟಪ್ಪ ಇದ್ದಬದ್ದ ಧೈರ್ಯವೆಲ್ಲ ಒಟ್ಟುಮಾಡಿಕೊಂಡು ಯೋಜನಾಧಿಕಾರಿಯ ಕೋಣೆಗೆ ಹೋದ. ಅಲ್ಲಿ ತುಂಬಾ ಜನ ಇರ್ತಿದ್ರು ಸಾರ್, ಎಂದ.

ಅಧಿಕಾರಿ ಕಡತ ತೆಗೆಸಿ ನೋಡಿದರು. "ಇದ್ದಿದ್ರೆ ನೀವು ಬರೀತಿದ್ರಿ. ಬೇರೆಯವರ ನಮೂನೆ ಆಗಿದ್ರೆ ಅನುಮಾನ ಪಡ್ತಿದ್ದೆ. ನಿಮ್ಮದು, ಕಣ್ಣು ಮುಚ್ಕೊಂಡು ಸಹಿ ಹಾಕ್ದೆ." ಅಳಿಸಿದ ಜಾಗ ತುಸು ಮಾಸಲಾಗಿ ಕಾಣುತ್ತಿತ್ತು. ಗೀಟಪ್ಪ ಅದನ್ನು ತೋರಿಸಲಿಲ್ಲ.

ಅಕ್ಕ ಬೈಯಲಿಲ್ಲ. ಫೋನು ಮಾಡುವುದನ್ನು ಬಿಟ್ಟಳು, ಅಷ್ಟೇ.

ಮರುವರ್ಷ ಹೊಗೆ ಯಾಕೆ ಇಳಿಯಲಿಲ್ಲ ಎಂದು ತಿಳಿಯಲು ಗಾಡಿಗಳ ಎಣಿಕೆ ಶುರುವಾಯಿತು. ಟ್ಯಾಂಕಿನ ರಸ್ತೆಯ ಸಿಗ್ನಲ್ಲಿಗೆ ಮತ್ತೆ ಗೀಟಪ್ಪನೇ. ಹಳೆಯ ಸ್ಕೂಟರುಗಳ ಹಿಂಡಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು, ಬಗ್ಗದ ಮೊಣಕಾಲನ್ನು ಹೊರಗೆ ಚಾಚಿಕೊಂಡು, ಅವನ ಪಕ್ಕದಲ್ಲೇ ಸ್ಕೂಟರು ನಿಲ್ಲಿಸಿದಳು.

"ಈಗ ಕಾಲಂ ಇದ್ಯೇನೋ?" ಎಂದಳು ಅಕ್ಕ.

"ಇದೆ" ಎಂದ.

ದೀಪ ಹಸಿರಾಯಿತು. ಅವಳು ಬಿಟ್ಟುಹೋದ ಹೊಗೆಯಲ್ಲಿ ಕೆಮ್ಮುತ್ತ, ಅವನು ನಾಲ್ಕು ಗೀಟುಗಳ ಮೇಲೆ ಅಡ್ಡಗೀಟು ಎಳೆದ.