ಇಳಿಸುವ ಮಟ್ಟು

ಓಮಾ ಹಗ್ಗದ ಒಂದು ತುದಿಯನ್ನು ಜಗಲಿಯ ಕಂಬಕ್ಕೆ ಸುತ್ತಿ, ಇನ್ನೊಂದು ತುದಿ ಹಿಡಿದು ಮೈಭಾರವೆಲ್ಲ ಬಿಟ್ಟು ಜಗ್ಗಿದಳು. ಹಗ್ಗ ಕಿರುಗುಟ್ಟಿತು, ಹರಿಯಲಿಲ್ಲ. ಮೂರು ಹಗ್ಗಗಳಲ್ಲಿ ಇದು ಕೊನೆಯದು. ಒಳಗೆ ನಡುಮನೆಯಲ್ಲಿ ಅವಳ ಗಂಡ ಡೆಲ್ಮರ್ ಸ್ಲೋನ್ ಕರಿ ಕೋಟು ತೊಟ್ಟು ಹೆಣದ ಪೆಟ್ಟಿಗೆಯಲ್ಲಿ ಮಲಗಿದ್ದ.

"ಬಿಡಿ ದೊಡ್ಡಮ್ಮ, ನಾನು ನೋಡ್ತೀನಿ," ಎಂದ ಡ್ವೇನ್. ಡೆಲ್ಮರನ ತಮ್ಮ ಎಸ್ಟಿಲ್‌ನ ಮಗ ಅವನು. ಪೆಟ್ಟಿಗೆ ಇಳಿಸುವ ಆರು ಜನರಲ್ಲಿ ಒಬ್ಬ. "ಪೆಟ್ಟಿಗೆ ಅಂಗಡಿಯೋರು ಇಳಿಸೋ ಮೆಷಿನ್ನೂ ಕೊಡ್ತೀವಿ ಅಂದ್ರಲ್ಲ. ತಗೋಬಹುದಿತ್ತು."

"ನಿಮ್ಮ ದೊಡ್ಡಪ್ಪ ಮೆಷಿನ್‌ನಲ್ಲಿ ಇಳಿದಿದ್ದು ಸಾಕು ಕಣೋ. ಮೂವತ್ತು ವರ್ಷ ಗಣಿಗೆ ಅದ್ರಲ್ಲೇ ಇಳಿದಿದಾನೆ."

ಡ್ವೇನ್ ಹಗ್ಗ ಸುತ್ತತೊಡಗಿದ. ಓಮಾ ಅವನ ಮುಖ ನೋಡದೆ ಕೇಳಿದಳು:

"ನಿಮ್ಮಪ್ಪ ಬರ್ತಾನಾ?"

"ಏನೂ ಹೇಳ್ಲಿಲ್ಲ. ಬೆಳಗ್ಗೆ ಶರ್ಟು ಇಸ್ತ್ರಿ ಮಾಡ್ತಾ ಇದ್ದ."

"ತಾನೇ?"

"ತಾನೇ. ಎರಡು ಸಲ."

"ಹಾಗಾದ್ರೆ ಬರ್ತಾನೆ ಬಿಡು," ಎಂದಳು. ಆದರೂ ಕಣ್ಣು ಹಾದಿಯ ಕಡೆಗೇ ಇತ್ತು.

ಸ್ಲೋನ್ ಮನೆತನದ ಹೆಣಗಳನ್ನು ಇಳಿಸುವುದಕ್ಕೆಂದೇ ಒಂದು ಪಿಟೀಲಿನ ಮಟ್ಟು ಇದೆ. ಡೆಲ್ಮರನ ಅಪ್ಪ ಕಟ್ಟಿದ್ದು. ಅವರ ಗೋರಿಗಳಿರುವುದು ಕಡಿದಾದ ಗುಡ್ಡದ ಮೇಲೆ. ಗುಂಡಿಯ ಸುತ್ತ ಒಬ್ಬೊಬ್ಬರು ಒಂದೊಂದು ಎತ್ತರದಲ್ಲಿ ನಿಲ್ಲಬೇಕು. ಪಿಟೀಲು ನುಡಿಯುತ್ತಿರುವಷ್ಟು ಹೊತ್ತು ಹಗ್ಗ ಬಿಡಬೇಕು. ಎರಡನೆಯ ಸಾಲಿನ ನಡುವೆ ಪಿಟೀಲು ತಟಕ್ಕನೆ ನಿಲ್ಲುತ್ತದೆ, ಒಂದು ಉಸಿರಿನಷ್ಟು ಹೊತ್ತು. ಆಗ ಆರೂ ಜನ ಹಿಡಿತ ಬದಲಿಸಿ, ಪೆಟ್ಟಿಗೆ ಸಮವಾಗಿದೆಯೇ ನೋಡಿಕೊಳ್ಳಬೇಕು. ಮತ್ತೆ ಪಿಟೀಲು, ಮತ್ತೆ ಹಗ್ಗ. ಗುಂಡಿಯ ಬಳಿಯಲ್ಲದೆ ಬೇರೆಲ್ಲೂ ಅದನ್ನು ನುಡಿಸಬಾರದು. ಮುದುಕ ತನ್ನ ಇಬ್ಬರು ಗಂಡುಮಕ್ಕಳನ್ನು ಗುಡ್ಡದ ಮೇಲಕ್ಕೇ ಕರೆದೊಯ್ದು ಕಲಿಸಿದ್ದ. ಅವರಲ್ಲಿ ಒಬ್ಬ ಈಗ ಪೆಟ್ಟಿಗೆಯಲ್ಲಿದ್ದ. ಇನ್ನೊಬ್ಬ ಅಣ್ಣನೊಂದಿಗೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಕಲ್ಲಿದ್ದಲ ದೂಳು ಎದೆ ತುಂಬಿ, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಬದುಕಿದ್ದ ಕೊನೆಯ ದಿನಗಳಲ್ಲಿ ಡೆಲ್ಮರ್ ಆ ನಳಿಗೆಯನ್ನು ಕಿತ್ತು ಹೇಳಿದ್ದ: "ಅಪ್ಪನ ಮಟ್ಟಲ್ಲೇ ಇಳಿಸ್ಬೇಕು, ಓಮಾ. ನಿಲ್ಲೋ ಕಡೆ ನಿಲ್ಲಿಸ್ಬೇಕು. ನಾನು ನುಡಿಸಿದ್ದಲ್ಲ, ಅಪ್ಪಂದು." ಅವಳು ಹೂಂ ಎಂದಿದ್ದಳು. ಅವನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಅಡುಗೆಮನೆಯ ಮೇಜಿನ ಮೇಲೆ ನೆರೆಯವರು ತಂದ ಬೀನ್ಸ್, ಮೆಕ್ಕೆಜೋಳದ ಬ್ರೆಡ್, ಒಣಸೇಬಿನ ಕೇಕು. ಲೆಕ್ಸಿಂಗ್‌ಟನ್ ನಗರದಿಂದ ಬಂದ, ಡೆಲ್ಮರನ ಜೊತೆ ನುಡಿಸುತ್ತಿದ್ದ ನಾಲ್ವರು ವಾದ್ಯದವರು ಕರಿಬಟ್ಟೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರಲ್ಲಿ ಹಿರಿಯಳಾದ ಐರೀನ್ ಹತ್ತಿರ ಬಂದು ಓಮಾಳ ಕೈ ಹಿಡಿದಳು.

"ಎಸ್ಟಿಲ್ ಬರ್ದೇ ಇದ್ರೆ ನಾನು ನುಡಿಸ್ಲಾ?"

"ನಿಲ್ಲೋದು ಬರುತ್ತಾ ನಿಮಗೆ?"

ಐರೀನ್ ತಲೆ ತಗ್ಗಿಸಿದಳು. "ನಾವು ಕಲಿತಿದ್ದು ನಿಲ್ದೇ ಇರೋದು."

"ಹಾಗಾದ್ರೆ ಬೀನ್ಸ್ ತಿನ್ನಿ. ಬಿಸಿ ಇದೆ," ಎಂದಳು ಓಮಾ.

*

ವರ್ಷಗಳ ಹಿಂದೆ, ಬ್ಲೂಗ್ರಾಸ್ ಎಂಬ ಗುಡ್ಡಗಾಡಿನ ಸಂಗೀತ ನುಡಿಸುವವರ ಒಂದು ಕೂಟದಲ್ಲಿ ಅಣ್ಣತಮ್ಮಂದಿರನ್ನು ಕೇಳಿ ಮೆಚ್ಚಿ, ಇಬ್ಬರನ್ನೂ ತಮ್ಮ ಸಂಗೀತ ಕಚೇರಿಗೆ ಕರೆದವಳು ಐರೀನೇ. ಡೆಲ್ಮರನದು ಪಿಟೀಲು, ಎಸ್ಟಿಲ್‌ನದು ಬ್ಯಾಂಜೊ. ಅಪ್ಪ ಕಲಿಸಿದ್ದರಿಂದ ಪಿಟೀಲೂ ಅವನ ಕೈಗೆ ಹೊಸದಲ್ಲ. ಲೆಕ್ಸಿಂಗ್‌ಟನ್‌ನ ಸಭಾಂಗಣದಲ್ಲಿ ನಾಲ್ವರೂ ಹೊಳೆಯುವ ಪಿಟೀಲುಗಳನ್ನು ಹಿಡಿದು, ಸ್ವರ ಬರೆದ ಕಾಗದ ಮುಂದಿಟ್ಟುಕೊಂಡು ಕೂತಿದ್ದರು.

"ನಮ್ಮ ಪಿಟೀಲೇ ಅಲ್ವೇನೋ ಅದು?" ಡೆಲ್ಮರ್ ಮೆಲ್ಲಗೆ ಕೇಳಿದ.

"ನಮ್ಮದೇ. ಸ್ನಾನ ಮಾಡ್ಸಿದಾರೆ ಅಷ್ಟೆ," ಎಂದ ಎಸ್ಟಿಲ್.

ಅಲ್ಲಿಯವರೆಗೆ ಎಲ್ಲ ನಗುನಗುತ್ತಲೇ ಇತ್ತು. ನಿಮ್ಮ ಮನೆಯದೇ ಎನ್ನುವಂಥದ್ದು ಏನಾದರೂ ಇದೆಯೇ ಎಂದು ಐರೀನ್ ಕೇಳಿದಳು. ತಮ್ಮ ತಡೆಯುವಷ್ಟರಲ್ಲಿ ಡೆಲ್ಮರ್ ಗುಂಡಿಯ ಮಟ್ಟನ್ನು ನುಡಿಸಿಬಿಟ್ಟ. ಹೊಗಳಿದವರ ಮುಂದೆ ಅವನಿಗೆ ಕೈ ನಿಲ್ಲುತ್ತಿರಲಿಲ್ಲ, ಅದು ಅವನ ಹಣೆಬರಹ.

ನಾಲ್ವರೂ ಅದನ್ನು ಎತ್ತಿಕೊಂಡರು. ಆ ನಿಲುಗಡೆ ಬಂದಾಗಲೆಲ್ಲ ಒಬ್ಬರು ಮುಂದೆ, ಒಬ್ಬರು ಹಿಂದೆ. ಮಧ್ಯಾಹ್ನವೆಲ್ಲ ಇದೇ ಆಯಿತು.

"ಇನ್ನೊಂಚೂರು ಟೈಮ್ ಕೊಡಿ, ಬರುತ್ತೆ," ಎಂದಳು ಐರೀನ್.

"ಅದನ್ನ ಬಿಟ್ಟುಬಿಡಿ," ಎಂದ ಡೆಲ್ಮರ್. "ನಿಲ್ಲೋದೇ ಬೇಡ, ಹಾಗೇ ಹೋಗೋಣ. ಗುಂಡಿ ಹತ್ರ ಬೇಕಾದ್ದು ಅದು. ಇಲ್ಲಿ ಯಾರ್ನ ಇಳಿಸ್ಬೇಕಾಗಿದೆ?"

ಎಸ್ಟಿಲ್ ಬ್ಯಾಂಜೊವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ.

"ಅಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ."

"ಅಪ್ಪ ಇಲ್ವಲ್ಲ."

ಎಸ್ಟಿಲ್ ಬಸ್ಸು ಹಿಡಿದು ಊರಿಗೆ ಬಂದುಬಿಟ್ಟ. ಆ ರಾತ್ರಿ ಸಭಾಂಗಣ ತುಂಬ ಇದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೆಲ್ಮರ್ ಯಾರಾದರೂ ದೊಡ್ಡವರು ಬಂದರೇನೋ ಎಂದು ಹಿಂದೆ ತಿರುಗಿ ನೋಡಿದನಂತೆ. ಮನೆಗೆ ಬಂದು ಅದನ್ನು ಹೇಳುತ್ತ ಹೇಳುತ್ತ ಅತ್ತ. ಆಮೇಲೆ ಆ ಮಟ್ಟಿನ ಡಿಸ್ಕು ಬಂತು, ರೇಡಿಯೋದಲ್ಲಿ ಬಂತು. ಎದೆ ಕೈಕೊಡುವವರೆಗೂ ಅವನು ಆ ನಾಲ್ವರ ಜೊತೆ ಊರೂರು ತಿರುಗಿದ. ಗಂಡನ ಬದುಕಿನಲ್ಲಿ ಸುಖದ ದಿನಗಳೆಂದರೆ ಅವೇ ಎಂದು ಓಮಾಗೆ ಗೊತ್ತಿತ್ತು. ಅಷ್ಟೂ ದಿನ ತಮ್ಮ ಈ ಹೊಸ್ತಿಲು ತುಳಿಯಲಿಲ್ಲ. ಮನೆಯಲ್ಲಿ ಸಾವೂ ಆಗಲಿಲ್ಲ, ಹಾಗಾಗಿ ಗುಡ್ಡದ ಮೇಲೆ ಯಾರೂ ಪಿಟೀಲು ಎತ್ತಲಿಲ್ಲ.

*

ಪೆಟ್ಟಿಗೆಯ ಮುಚ್ಚಳ ಹಾಕುವ ಹೊತ್ತಿಗೆ ಎಸ್ಟಿಲ್ ಬಂದ. ಇಸ್ತ್ರಿಯ ಶರ್ಟು, ಕತ್ತಿನವರೆಗೂ ಹಾಕಿದ ಗುಂಡಿ. ಅಣ್ಣನನ್ನು ಬಹಳ ಹೊತ್ತು ನೋಡುತ್ತ ನಿಂತ.

"ಈ ಕೋಟು ಕಚೇರಿಗೆ ಅಂತ ತಗೊಂಡಿದ್ದಾ, ಅತ್ತಿಗೆ?"

"ಹೂಂ."

"ಚೆನ್ನಾಗಿದೆ," ಎಂದ. ಕೋಟಿನ ಕಾಲರನ್ನು ನೇರ ಮಾಡಿದ.

ಪೆಟ್ಟಿಗೆ ಜೀಪಿನಲ್ಲಿ ಮುಂದೆ ಹೋಯಿತು. ಓಮಾ ಎಸ್ಟಿಲ್‌ನ ಹಳೆಯ ಟ್ರಕ್ಕು ಹತ್ತಿ, ಗಂಡನ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡಳು. ಎಸ್ಟಿಲ್ ಕೀಲಿ ತಿರುಗಿಸಿದ್ದೇ ತಡ, ಒಳಗಿದ್ದ ಡಿಸ್ಕು ಎಲ್ಲೋ ನಡುವಿನಿಂದ ಶುರುವಾಯಿತು. ನಾಲ್ವರ ವಾದ್ಯಗಳು, ಅವುಗಳ ಮೇಲೆ ಡೆಲ್ಮರನ ಪಿಟೀಲು, ಅದೇ ಮಟ್ಟು. ಎಸ್ಟಿಲ್ ಕೈ ಚಾಚಿದ, ಆರಿಸಲಿಲ್ಲ.

"ಎಷ್ಟು ದಿನದಿಂದ ಇದೆ ಇದು?"

"ಬಂದಾಗಿಂದ್ಲೂ."

"ದಿನಾ ಕೇಳ್ತೀಯಾ?"

"ಬೇರೆ ಡಿಸ್ಕಿಲ್ಲ ಅತ್ತಿಗೆ."

"ಬಂದು ಅವನ ಜೊತೆ ಒಂದು ಮಾತಾಡ್ಬಹುದಿತ್ತಲ್ಲೋ, ಹಟಮಾರಿ ಮುಂಡೇದೆ."

"ಕೇಳ್ತಿದ್ನಲ್ಲ. ಕೇಳ್ತಾ ಕೂತಿದ್ರೆ ಪಕ್ಕದಲ್ಲಿ ಇದ್ದ ಹಾಗೇ ಇರೋದು." ಗೇರು ಬದಲಿಸಿ ಏರಿಗೆ ಹತ್ತಿಸುತ್ತ ಅವನು ಬೆರಳೆತ್ತಿದ. "ಇಲ್ಲಿ ನೋಡಿ, ಹೇಗೆ ಎಳೀತಾನೆ. ಈ ಎಳೆತ ಅಪ್ಪನಿಗೂ ಬರ್ತಿರ್ಲಿಲ್ಲ."

ಸಾವಾದ ಮೇಲೆ ಓಮಾ ಅತ್ತದ್ದು ಆಗಲೇ. ಸಂಕಟವೂ ಇತ್ತು, ಸಮಾಧಾನವೂ ಇತ್ತು. ಕೊಟ್ಟ ಮಾತು ಉಳಿಯಿತಲ್ಲ ಎಂದುಕೊಂಡಳು.

ಗುಂಡಿಗೆ ಅಡ್ಡವಿಟ್ಟ ಹಲಗೆಗಳ ಮೇಲೆ ಪೆಟ್ಟಿಗೆ ಕಾದಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದ. ಆರು ಜನ ಹಗ್ಗಗಳನ್ನು ಬಿಗಿದು ಎತ್ತಿದರು, ಯಾರೋ ಹಲಗೆ ಎಳೆದುಕೊಂಡರು. ತಲೆಯ ಕಡೆ ಡೆಲ್ಮರನ ಜೊತೆ ಗಣಿಯಲ್ಲಿ ದುಡಿದ ಇಬ್ಬರು ಮುದುಕರು; ಎಷ್ಟೋ ಸ್ಲೋನ್‌ಗಳನ್ನು ಇಳಿಸಿದ ಕೈಗಳು. ನಡುವೆ ನೆರೆಯವರಿಬ್ಬರು. ಕಾಲಿನ ಕಡೆ ಡ್ವೇನ್ ಮತ್ತು ಅವನದೇ ವಯಸ್ಸಿನ ಇನ್ನೊಬ್ಬ. "ಪಿಟೀಲನ್ನೇ ಕೇಳ್ತಿರ್ರಪ್ಪ, ನನ್ನ ನೋಡ್ಬೇಡಿ," ಎಂದು ಹುಡುಗರಿಗೆ ಹೇಳಿ ಎಸ್ಟಿಲ್ ಕಣ್ಣು ಮುಚ್ಚಿ ಕಮಾನು ಇಟ್ಟ.

ಚೆನ್ನಾಗಿ ನುಡಿಸಿದ. ಮೊದಲ ಸಾಲು ಮುಗಿಯುವುದರೊಳಗೆ ಪೆಟ್ಟಿಗೆಯ ಅಂಚು ನೆಲದ ಮಟ್ಟ ದಾಟಿತ್ತು. ಎರಡನೆಯ ಸಾಲು ಬಂತು. ಮುದುಕರ ಕೈಗಳು ತಾವಾಗಿಯೇ ಬಿಗಿದುಕೊಂಡವು. ಪಿಟೀಲು ನಿಲ್ಲಲಿಲ್ಲ. ಅದನ್ನೇ ಕೇಳುತ್ತಿದ್ದ ಡ್ವೇನ್ ಹಗ್ಗ ಬಿಡುತ್ತಲೇ ಹೋದ. ಪೆಟ್ಟಿಗೆ ಕಾಲಿನ ಕಡೆಗೆ ವಾಲಿತು, ಒಳಗೆ ಏನೋ ಜಾರಿ ಮರಕ್ಕೆ ದಬ್ ಎಂದು ಬಡಿಯಿತು. ಏನದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

"ಹಿಡೀರೋ," ಎಂದಳು ಓಮಾ.

ಎಸ್ಟಿಲ್ ಕಣ್ಣು ಬಿಟ್ಟ. "ಏನಾಯ್ತು?"

"ನೀನು ನಿಲ್ಲಿಸ್ಲಿಲ್ಲ ಅಪ್ಪ," ಎಂದ ಡ್ವೇನ್. ಹಿಮ್ಮಡಿ ಊರಿ ಹಿಂದಕ್ಕೆ ಜೋತುಬಿದ್ದಿದ್ದ.

"ನಿಲ್ಲಿಸಿದ್ನಲ್ಲ."

"ಇಲ್ಲಪ್ಪ."

ಎಸ್ಟಿಲ್ ಎರಡನೆಯ ಸಾಲನ್ನು ಮೆಲ್ಲಗೆ ಮತ್ತೆ ಎತ್ತಿಕೊಂಡ. ಕಮಾನು ಹಾಗೇ ದಾಟಿಹೋಯಿತು. ಇನ್ನೂ ನಿಧಾನವಾಗಿ ಎಳೆದ. ಮತ್ತೆ ದಾಟಿತು, ಟ್ರಕ್ಕಿನಲ್ಲಿ ಕೇಳಿದ್ದ ಅದೇ ಎಳೆತ. ಐರೀನ್ ಮುಖ ತಿರುಗಿಸಿ ನಿಂತಳು.

"ಬೇಗ ನೋಡಪ್ಪ," ಎಂದ ಮುದುಕರಲ್ಲೊಬ್ಬ.

"ನಿಮಗೆ ಗೊತ್ತಲ್ಲ, ಎಲ್ಲಿ ನಿಲ್ಲೋದು? ಹೇಳಿ."

"ಕೈಗೆ ಗೊತ್ತು ಎಸ್ಟಿಲ್. ಬಾಯಿಗೆ ಬರಲ್ಲ."

ಎಸ್ಟಿಲ್ ಅತ್ತಿಗೆಯ ಕಡೆ ತಿರುಗಿದ. "ಅತ್ತಿಗೆ, ಎಲ್ಲಿ ನಿಲ್ತಿತ್ತು ಅದು?"

ಓಮಾ ಈ ಗುಡ್ಡದ ಮೇಲೆ ಯಾವಾಗಲೂ ನೋಡುತ್ತಿದ್ದುದು ಗಂಡಸರ ಕೈಗಳನ್ನು. ಅವು ಬಿಗಿದಾಗ ಮಟ್ಟು ನಿಂತಿತೆಂದು ತಿಳಿಯುತ್ತಿದ್ದಳು. ಈಗಲೂ ಅತ್ತಲೇ ನೋಡಿದಳು. ಆರು ಜನರ ಕೈಗಳೂ ಹಗ್ಗವನ್ನು ಬಿಗಿಹಿಡಿದೇ ಇದ್ದವು. ಅರ್ಧ ಇಳಿದ ಪೆಟ್ಟಿಗೆ ಓರೆಯಾಗಿ ತೂಗುತ್ತಿತ್ತು. ಹಗ್ಗ ಹಿಡಿದವರೆಲ್ಲ ಎಸ್ಟಿಲ್‌ನ ಕಮಾನು ಮತ್ತೆ ತಂತಿಗೆ ತಾಗುವುದನ್ನೇ ಕಾಯುತ್ತಿದ್ದರು.